ಹೂಳಿನ ಕಡತ

ಕೊಯಮತ್ತೂರಿಗೆ ಅಂಟಿಕೊಂಡಂತೆ, ನೊಯ್ಯಲ್ ನದಿಯ ಬಳಿ ವೆಳ್ಳಲೂರು ಎಂಬ ಊರಿದೆ. 1842ರಲ್ಲಿ ಒಮ್ಮೆ, 1891ರಲ್ಲಿ ಇನ್ನೊಮ್ಮೆ ಅಲ್ಲಿನ ನೆಲದಡಿ ರೋಮನ್ ಬೆಳ್ಳಿ ನಾಣ್ಯಗಳ ನಿಧಿ ಸಿಕ್ಕಿತು. ಎರಡು ಸಲವೂ ಐನೂರಕ್ಕೂ ಹೆಚ್ಚು ನಾಣ್ಯಗಳು. ಬಹುಪಾಲು ಅಗಸ್ಟಸ್ ಮತ್ತು ಟೈಬೀರಿಯಸ್ ಚಕ್ರವರ್ತಿಗಳ ಕಾಲದವು. ಕೇರಳದ ಕರಾವಳಿಯಿಂದ ಪಾಲ್ಘಾಟಿನ ಕಣಿವೆ ಹಾದು ಕರೂರಿಗೆ ಹೋಗುತ್ತಿದ್ದ ಹಳೆಯ ವ್ಯಾಪಾರದ ದಾರಿ ಈ ನದಿಯ ಗುಂಟವೇ ಸಾಗುತ್ತಿತ್ತು. ಮೆಣಸು, ಬಟ್ಟೆ, ಹರಳು ಆ ಕಡೆಗೆ ಹೋದವು, ಬೆಳ್ಳಿ ಈ ಕಡೆಗೆ ಬಂತು.

ಆ ಕಾಲದ ರೋಮಿಗೆ ಬೆಳ್ಳಿಯ ದೊಡ್ಡ ಮೂಲ ಸ್ಪೇನಿನ ಗಣಿಗಳು. ಸೀಸ ಬೆರೆತ ಅದಿರನ್ನು ಕಾಯಿಸಿ, ಸೀಸವನ್ನು ಬೇರ್ಪಡಿಸಿ ಬೆಳ್ಳಿ ತೆಗೆಯುತ್ತಿದ್ದರು. ಕುಲುಮೆಯ ಹೊಗೆಯೊಂದಿಗೆ ಸೀಸವೂ ಮೇಲೆ ಹೋಗಿ, ಗಾಳಿಯಲ್ಲಿ ಉತ್ತರಕ್ಕೆ ತೇಲಿ, ಮಳೆ–ಹಿಮದ ಜೊತೆ ನೆಲಕ್ಕೆ ಇಳಿಯಿತು. 1994ರಲ್ಲಿ ಸ್ವೀಡನ್ನಿನ ಇಂಗೆಮಾರ್ ರೆನ್‌ಬರ್ಗ್ ಮತ್ತು ಸಂಗಡಿಗರು ತಮ್ಮ ದೇಶದ ಸರೋವರಗಳ ತಳದ ಕೆಸರನ್ನು ಪದರ ಪದರವಾಗಿ ಪರೀಕ್ಷಿಸಿದಾಗ, ಸುಮಾರು ಎರಡು ಸಾವಿರ ವರ್ಷ ಹಿಂದಿನ ಪದರದಲ್ಲಿ ಸೀಸ ಏರಿ, ರೋಮ್ ಕುಸಿದ ಮೇಲೆ ಇಳಿದದ್ದು ಕಂಡಿತು. ಗ್ರೀನ್‌ಲ್ಯಾಂಡಿನ ಹಿಮದಲ್ಲೂ ಅದೇ ಗುರುತು. ವೆಳ್ಳಲೂರಿನ ನಾಣ್ಯಗಳಂಥ ಬೆಳ್ಳಿಯನ್ನು ಕಾಯಿಸಿದ ಕುಲುಮೆಗಳ ಹೊಗೆ, ರೋಮನ್ನರು ಎಂದೂ ಆಳದ ನಾಡಿನ ಕೆರೆಯ ಹೂಳಿನಲ್ಲಿ ಇಂದಿಗೂ ಕೂತಿದೆ.

ಇಂದು ವೆಳ್ಳಲೂರಿನ ಹೆಸರು ಕೊಯಮತ್ತೂರಿನಲ್ಲಿ ಕೇಳಿಬರುವುದು ನಾಣ್ಯಕ್ಕಾಗಿ ಅಲ್ಲ. ಇಡೀ ಮಹಾನಗರದ ಕಸ ಹೋಗಿ ಬೀಳುವುದು ಅಲ್ಲಿಗೆ. ಎರಡು ಸಾವಿರ ವರ್ಷದ ಎರಡು ತುದಿಗಳು ಒಂದೇ ಊರಿನಲ್ಲಿವೆ. ನಡುವೆ ಏನಾಯಿತು ಎಂಬುದಕ್ಕೆ ಶಾಸನಗಳಿವೆ, ಬ್ರಿಟಿಷರ ಗೆಜೆಟಿಯರುಗಳಿವೆ, ನ್ಯಾಯಾಲಯದ ತೀರ್ಪುಗಳಿವೆ. ಮಳೆ ಎಷ್ಟು ಬಂತು, ಯಾವ ಮರ ಹೋಯಿತು, ನೀರಿಗೆ ಏನು ಬಿತ್ತು ಎಂಬ ಪೂರ್ತಿ ಲೆಕ್ಕ ಮಾತ್ರ ಅವುಗಳಲ್ಲಿ ಇಲ್ಲ. ಅದು ಇರುವುದು ಕೆರೆಯ ಹೂಳಿನಲ್ಲಿ.

ನಮ್ಮ ಹಳೆಯ ಶ್ಯಾನುಭೋಗರು ಲೆಕ್ಕ ಬರೆಯುತ್ತಿದ್ದ ಕಡತವನ್ನು ಕೆಲವರಾದರೂ ನೋಡಿರಬಹುದು. ಬಟ್ಟೆಗೆ ಹುಣಿಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಲ್ಲಿ ಬರೆಯುತ್ತಿದ್ದರು. ಹೂಳು ನನಗೆ ಯಾವಾಗಲೂ ಆ ಕಡತದಂತೆಯೇ ಕಾಣುತ್ತದೆ. ಕಪ್ಪು ಬಣ್ಣಕ್ಕಾಗಿ, ಮಡಿಕೆಗಳಿಗಾಗಿ, ಇನ್ನೊಂದು ಕಾರಣಕ್ಕಾಗಿಯೂ: ಕಡತವನ್ನು ಒರೆಸಿಬಿಡಬಹುದು. ಒರೆಸಿದ ಮೇಲೆ ಹಿಂದಿನ ಲೆಕ್ಕ ಎಲ್ಲಿಯೂ ಸಿಗುವುದಿಲ್ಲ.

ಓದುವ ಬಗೆ ಹೀಗೆ. ಕೆರೆಯ ನಡುವೆ, ನೀರು ಹೆಚ್ಚು ಅಲುಗಾಡದ ಆಳದ ಜಾಗದಲ್ಲಿ, ಒಂದು ಕೊಳವೆಯನ್ನು ನೇರವಾಗಿ ತಳಕ್ಕೆ ಇಳಿಸುತ್ತಾರೆ. ಮೇಲಿನ ಹೂಳಿಗೆ ಪಿವಿಸಿ ಪೈಪೂ ಸಾಕು. ಆಳಕ್ಕೆ ಹೋಗಲು ಪಿಸ್ಟನ್ ಇರುವ ಉಪಕರಣ ಬೇಕು. ಮೇಲೆತ್ತಿದಾಗ ಹೂಳಿನ ಕಂಬವೊಂದು ಕೊಳವೆಯೊಳಗೆ ನಿಂತಿರುತ್ತದೆ: ತಲೆಯಲ್ಲಿ ನಿನ್ನೆಯ ಕೆಸರು, ಬುಡದಲ್ಲಿ ಅಜ್ಜನ ಅಜ್ಜನ ಕಾಲದ್ದು. ಅದನ್ನು ಸೆಂಟಿಮೀಟರ್ ಲೆಕ್ಕದಲ್ಲಿ ಬಿಲ್ಲೆ ಬಿಲ್ಲೆಯಾಗಿ ಕೊಯ್ದು, ಒಂದೊಂದು ಬಿಲ್ಲೆಗೂ ವಯಸ್ಸು ಕಟ್ಟಬೇಕು.

ವಯಸ್ಸಿಗೆ ಮೂರು ಗಡಿಯಾರಗಳು. ಕಳೆದ ನೂರು, ನೂರೈವತ್ತು ವರ್ಷಕ್ಕೆ ಸೀಸ–210. ನೆಲದಿಂದ ಹೊರಬರುವ ರೇಡಾನ್ ಅನಿಲ ಗಾಳಿಯಲ್ಲಿ ಕ್ಷಯಿಸಿ ಈ ವಿಕಿರಣಶೀಲ ಸೀಸವಾಗುತ್ತದೆ, ಮಳೆಯೊಂದಿಗೆ ಕೆರೆಗೆ ಬೀಳುತ್ತದೆ, ಸುಮಾರು 22 ವರ್ಷಕ್ಕೊಮ್ಮೆ ಅರ್ಧಕ್ಕೆ ಇಳಿಯುತ್ತದೆ. ಎರಡನೆಯದು ಸೀಸಿಯಂ–137, ಇದು ಪ್ರಕೃತಿಯದಲ್ಲ, ಅಣುಬಾಂಬಿನ ಪರೀಕ್ಷೆಗಳ ಬೂದಿ. 1963ರ ಸುಮಾರಿಗೆ ಅದು ಜಗತ್ತಿನಾದ್ಯಂತ ಅತಿ ಹೆಚ್ಚು ಉದುರಿತು, ಹಾಗಾಗಿ ಹೂಳಿನಲ್ಲಿ ಆ ಇಸವಿಗೆ ಗೆರೆ ಎಳೆದಂತಿರುತ್ತದೆ. ಸಾವಿರಾರು ವರ್ಷಗಳ ಲೆಕ್ಕಕ್ಕೆ ಇಂಗಾಲ–14 ಬೇಕು. ವಯಸ್ಸು ಗೊತ್ತಾದ ಮೇಲೆ ಉಳಿದವು ಮಾತಾಡತೊಡಗುತ್ತವೆ: ಪರಾಗದ ಕಣಗಳು ಯಾವ ಗಿಡಮರ ಇದ್ದವೆಂದು ಹೇಳುತ್ತವೆ, ಡಯಾಟಮ್ ಎಂಬ ಗಾಜಿನ ಚಿಪ್ಪಿನ ಪಾಚಿಗಳು ನೀರು ಉಪ್ಪೋ ಸಿಹಿಯೋ ಎಂದು, ಇದ್ದಿಲ ಚೂರು ಕಾಡಿಗೆ ಬೆಂಕಿ ಬಿದ್ದದ್ದನ್ನು.

ನಮ್ಮ ಚಿತ್ರದುರ್ಗದ ತಿಮ್ಮಣ್ಣನಾಯಕನ ಕೆರೆಯಲ್ಲಿ ಈ ಕೆಲಸ ನಡೆದಿದೆ. ಮಂಗಳೂರು ವಿಶ್ವವಿದ್ಯಾಲಯದ ಆರ್. ಶಂಕರ್ ಮತ್ತು ಸಂಗಡಿಗರು ಅಲ್ಲಿನ ಹೂಳಿನ ಕಾಂತೀಯ ಗುಣವನ್ನು ಅಳೆದು, 3700 ವರ್ಷಗಳ ಮುಂಗಾರಿನ ಏರಿಳಿತವನ್ನು 2006ರಲ್ಲಿ ಪ್ರಕಟಿಸಿದರು. ತರ್ಕ ಸರಳ: ಮಳೆ ಜೋರಾದರೆ ಬಂಡೆ ಹೆಚ್ಚು ಕರಗಿ, ಮಣ್ಣು ಹೆಚ್ಚು ಕೊಚ್ಚಿ, ಕಬ್ಬಿಣದ ಅಂಶವಿರುವ ಸಣ್ಣ ಕಾಂತೀಯ ಕಣಗಳು ಕೆರೆಗೆ ಹೆಚ್ಚಾಗಿ ಬರುತ್ತವೆ. ಬರಗಾಲದಲ್ಲಿ ಕಡಿಮೆ. ಮಳೆಮಾಪಕ ಹುಟ್ಟುವುದಕ್ಕೆ ಸಾವಿರಾರು ವರ್ಷ ಮುಂಚಿನ ಮಳೆಯನ್ನು ಹೀಗೆ ಹೂಳಿನಲ್ಲಿ ಅಳೆದರು. ಕರ್ನಾಟಕದ ಶಾಲೆಯ ಪಠ್ಯದಲ್ಲಿ ಈ ಕೆಲಸದ ಬಗ್ಗೆ ಒಂದು ಪುಟ ಇರಬೇಕು ಎಂದು ನನಗೆ ಬಹಳ ದಿನದಿಂದ ಅನ್ನಿಸಿದೆ.

ಕೊಯಮತ್ತೂರಿನ ಸುತ್ತಲಿನ ಕೊಂಗುನಾಡಿನ ಬಯಲಿನಲ್ಲಿ ಇಷ್ಟು ಹಿಂದಕ್ಕೆ ಹೋಗುವುದು ಕಷ್ಟ. ಪಶ್ಚಿಮಘಟ್ಟದ ನೆರಳಿನ ಸೀಮೆ ಅದು, ಮಳೆ ಕಡಿಮೆ. ವೆಳ್ಳಿಯಂಗಿರಿ ಬೆಟ್ಟದಿಂದ ಇಳಿಯುವ ನೊಯ್ಯಲ್‌ಗೆ ಅಡ್ಡಲಾಗಿ ಕಟ್ಟೆಗಳನ್ನು ಕಟ್ಟಿ, ಕಾಲುವೆ ತೆಗೆದು, ಒಂದು ತುಂಬಿದ ಮೇಲೆ ಇನ್ನೊಂದು ತುಂಬುವಂತೆ ಹೆಣೆದ ಕೆರೆಗಳ ಸರಪಳಿ ಅಲ್ಲಿದೆ. ಕೊಂಗು ಚೋಳರ ಕಾಲದ್ದೆಂದು ಜನ ಹೇಳುತ್ತಾರೆ. ನರಸಾಂಪತಿ, ಕೃಷ್ಣಾಂಪತಿ, ಸೆಲ್ವಾಂಪತಿ, ಉಕ್ಕಡಂ ಪೆರಿಯಕುಳಂ, ವಾಲಾಂಕುಳಂ, ಕುರಿಚ್ಚಿ, ಸಿಂಗಾನಲ್ಲೂರು, ಸೂಲೂರು. ಕೆಲವು ವರ್ಷಕ್ಕೊಮ್ಮೆ ಇವು ಪೂರ್ತಿ ಒಣಗುತ್ತವೆ. ಒಣಗಿದ ಕೆರೆ ಅಂಗಳ ಬಾಯಿಬಿಡುತ್ತದೆ, ಮೇಲಿನ ಮಣ್ಣು ಬಿರುಕಿನೊಳಗೆ ಇಳಿಯುತ್ತದೆ, ದನದ ಗೊರಸು ತುಳಿಯುತ್ತದೆ, ರೈತರು ಹೂಳು ತೆಗೆಯುತ್ತಾರೆ. ಕಡತದ ಹಾಳೆಗಳು ಕಲಸಿಹೋಗುತ್ತವೆ. ಹಾಗಾಗಿ ಹಳೆಯ ಹವಾಮಾನ ಹುಡುಕಿಕೊಂಡು ಹೊರಟವರು ಬಯಲು ಬಿಟ್ಟು, ಉತ್ತರಕ್ಕೆ ತಲೆಯೆತ್ತಿ ನಿಂತ ನೀಲಗಿರಿ ಹತ್ತಿದರು.

ಬಡಗರ ಹಟ್ಟಿಗಳ ನಾಡಿನಲ್ಲಿ, ಹುಲ್ಲುಗಾವಲಿನ ತಗ್ಗುಗಳಲ್ಲಿ ಕಪ್ಪು ಜವುಗು ಮಣ್ಣಿದೆ. ಕೊಳೆತೂ ಪೂರ್ತಿ ಕೊಳೆಯದ ಗಿಡಗಂಟಿ ಸಾವಿರಾರು ವರ್ಷ ಒತ್ತೊತ್ತಾಗಿ ಕೂತು ಆದದ್ದು. ಪೀಟ್ ಎನ್ನುತ್ತಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್, ಅಹಮದಾಬಾದಿನ ಆರ್. ರಮೇಶ್ ಮೊದಲಾದವರು 1993ರಲ್ಲಿ ನೇಚರ್ ಪತ್ರಿಕೆಯಲ್ಲಿ ಆ ಮಣ್ಣಿನಿಂದ ಓದಿದ 20,000 ವರ್ಷಗಳ ಕಥೆಯನ್ನು ಬರೆದರು. 1997ರಲ್ಲಿ ಅದನ್ನು 40,000 ವರ್ಷದವರೆಗೆ ಎಳೆದರು. ಅವರು ನೋಡಿದ್ದು ಇಂಗಾಲದ ಎರಡು ರೂಪಗಳ ಪಾಲು. ಜೋಳ, ರಾಗಿ, ಕಬ್ಬು, ಒಣಭೂಮಿಯ ಹುಲ್ಲುಗಳು ಒಂದು ಬಗೆಯಲ್ಲಿ ಗಾಳಿಯ ಇಂಗಾಲ ಹಿಡಿಯುತ್ತವೆ. ಭತ್ತ ಮತ್ತು ಹೆಚ್ಚುಕಡಿಮೆ ಎಲ್ಲ ಮರಗಳು ಇನ್ನೊಂದು ಬಗೆಯಲ್ಲಿ. ಮೊದಲಿನವುಗಳಲ್ಲಿ ಭಾರದ ಇಂಗಾಲ–13 ತುಸು ಹೆಚ್ಚು. ಗಿಡ ಸತ್ತು ಮಣ್ಣಾದರೂ ಆ ಪಾಲು ಬದಲಾಗುವುದಿಲ್ಲ. ಹಿಮಯುಗ ಉಚ್ಛ್ರಾಯದಲ್ಲಿದ್ದಾಗ ನೀಲಗಿರಿ ಒಣಗಿತ್ತು, ಒಣಹುಲ್ಲು ಗೆದ್ದಿತ್ತು. ಹಿಮಯುಗ ಕರಗುತ್ತ ಮುಂಗಾರು ಬಲಿಯಿತು. ನಡುವೆ ಮತ್ತೆ ಕೆಲವು ಸಾವಿರ ವರ್ಷ ಒಣ ಕಾಲ ಬಂತು. ಮುಂಗಾರು ಎಂದೂ ಸ್ಥಿರವಾಗಿರಲಿಲ್ಲ ಎಂಬುದು ಆ ಕರಿಮಣ್ಣಿನಿಂದ ತಿಳಿಯಿತು.

ಇನ್ನು ಬೆಟ್ಟ ಇಳಿಯೋಣ. ಬಯಲಿನ ಹೂಳು ದೂರದ ಕಾಲಕ್ಕೆ ಒದಗದಿದ್ದರೂ, ಕಳೆದ ನೂರು ವರ್ಷಕ್ಕೆ ಅದರಷ್ಟು ಹತ್ತಿರದ ಸಾಕ್ಷಿ ಬೇರೆ ಇಲ್ಲ. ಕೊಯಮತ್ತೂರಿನಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಗೆ ಮೊದಲ ನೂಲಿನ ಗಿರಣಿ ಬಂತು. 1932ರಲ್ಲಿ ನೀಲಗಿರಿಯ ಪೈಕಾರಾದ ಜಲವಿದ್ಯುತ್ ಬಂದ ಮೇಲೆ ಗಿರಣಿಗಳು ಸಾಲುಗಟ್ಟಿದವು. ಆಮೇಲೆ ಎರಕದ ಕಾರ್ಖಾನೆ, ಪಂಪುಸೆಟ್ಟು, ಲೋಹಕ್ಕೆ ಮೆರುಗು ಕೊಡುವ ಎಲೆಕ್ಟ್ರೋಪ್ಲೇಟಿಂಗ್ ಅಂಗಡಿಗಳು. ಒಂದೊಂದಕ್ಕೂ ಒಂದೊಂದು ಲೋಹದ ಸಹಿ ಇದೆ: ಪ್ಲೇಟಿಂಗಿಗೆ ಕ್ರೋಮಿಯಂ, ನಿಕ್ಕಲ್, ಸತು, ವಾಹನದ ಹೊಗೆಗೆ ಸೀಸ. 2000ದಲ್ಲಿ ಭಾರತದಲ್ಲಿ ಸೀಸ ಬೆರೆಸಿದ ಪೆಟ್ರೋಲು ನಿಂತಿತು. ರಸ್ತೆ ಪಕ್ಕದ ಯಾವ ಕೆರೆಯ ಕಲಕದ ಹೂಳಿನಲ್ಲೂ ಆ ಇಸವಿಯ ಆಚೀಚೆ ಸೀಸದ ಗೆರೆ ಬಾಗಿರಬೇಕು. ಕಾನೂನು ಕೆಲಸ ಮಾಡಿತೋ ಇಲ್ಲವೋ ಎಂದು ಕೇಳಲು ಕಚೇರಿಗೆ ಹೋಗಬೇಕಿಲ್ಲ, ಕೆರೆಗೆ ಹೋಗಬಹುದು.

ನೊಯ್ಯಲ್ ದಡದಲ್ಲೇ, ಕೊಯಮತ್ತೂರಿಗಿಂತ ಕೆಳಗೆ ಇರುವ ತಿರುಪ್ಪೂರಿನ ಮಾತು ಬೇರೆಯೇ. ಆ ಸೀಮೆಯಲ್ಲಿ ಮನೆಮಾತು ಕನ್ನಡವಾಗಿರುವ ದೇವಾಂಗ ನೇಕಾರರ ಕುಟುಂಬಗಳು ತಲೆಮಾರುಗಳಿಂದ ಇವೆ. ಮಗ್ಗದ ಕಾಲದಲ್ಲಿ ಬಣ್ಣದ ಕೆಲಸ ಹಂಡೆಯ ಲೆಕ್ಕದಲ್ಲಿತ್ತು. 1980ರ ದಶಕದಿಂದ ತಿರುಪ್ಪೂರಿನ ಬನಿಯನ್ನು ಹಡಗು ಹತ್ತಿತು, ಅದು ಟೀ–ಶರ್ಟಾಯಿತು, ಅಮೆರಿಕ–ಯುರೋಪಿನ ಅಂಗಡಿಗಳಿಗೆ ಬಣ್ಣಬಣ್ಣದಲ್ಲಿ ಹೋಯಿತು. ಊರಿನ ಸುತ್ತ ಬ್ಲೀಚಿಂಗ್, ಡೈಯಿಂಗ್ ಘಟಕಗಳು ಏಳುನೂರಕ್ಕೂ ಮೀರಿದವು. ಅಲ್ಲಿನವರು ಅವನ್ನು ಸಾಯಪ್ಪಟ್ಟರೈ ಎನ್ನುತ್ತಾರೆ. ಸಾಯ ಎಂದರೆ ಬಣ್ಣ.

ಹತ್ತಿಗೆ ಬಣ್ಣ ಕಚ್ಚಬೇಕಾದರೆ ಉಪ್ಪು ಬೇಕು, ಚಿಟಿಕೆಯಷ್ಟಲ್ಲ, ಮೂಟೆಗಟ್ಟಲೆ. ಅಡುಗೆಯ ಉಪ್ಪು ಅಥವಾ ಸೋಡಿಯಂ ಸಲ್ಫೇಟ್. ಅದು ನೂಲಿನಲ್ಲಿ ಉಳಿಯುವುದಿಲ್ಲ, ಬಣ್ಣವನ್ನು ನೂಲಿಗೆ ತಳ್ಳಿಕೊಟ್ಟು ತಾನು ನೀರಿನೊಂದಿಗೆ ಹೊರಗೆ ಹೋಗುತ್ತದೆ. ಹಾಕಿದ ಬಣ್ಣವೂ ಎಲ್ಲ ಹತ್ತುವುದಿಲ್ಲ. ದಿನಕ್ಕೆ ಎಂಟೊಂಬತ್ತು ಕೋಟಿ ಲೀಟರಿನಷ್ಟು ಇಂಥ ನೀರು ಹೊರಬರುತ್ತಿದ್ದ ಕಾಲವಿತ್ತು. ಮಳೆಗಾಲ ಬಿಟ್ಟರೆ ಬತ್ತಿರುತ್ತಿದ್ದ ನೊಯ್ಯಲ್ ವರ್ಷವಿಡೀ ಹರಿಯತೊಡಗಿತು.

ಸರಿಯಾಗಿ ಆ ಹೊತ್ತಿಗೆ, 1992ರಲ್ಲಿ, ತಿರುಪ್ಪೂರಿನ ಕೆಳಗೆ ಚೆನ್ನಿಮಲೈ ಹತ್ತಿರ ಒರತ್ತುಪಾಳಯಂ ಅಣೆಕಟ್ಟು ಮುಗಿಯಿತು. ಕೆಳಗಿನ ಸೀಮೆಯ ಹೊಲಗಳಿಗೆ ನೀರುಣಿಸಲು ಕಟ್ಟಿದ್ದು. ತುಂಬಿದ್ದು ಬಣ್ಣದ ನೀರು. ಕೆಲವೇ ವರ್ಷಗಳಲ್ಲಿ ಸುತ್ತಲ ಬಾವಿಗಳು ಉಪ್ಪಾದವು, ತೆಂಗು ಸೊರಗಿತು, ಹೊಲ ಹಾಳುಬಿತ್ತು. ಅಣೆಕಟ್ಟು ಬೇಕೆಂದು ಕಾದಿದ್ದ ರೈತರೇ ಅದರಲ್ಲಿ ನೀರು ನಿಲ್ಲಿಸಬೇಡಿ ಎಂದು ಕೇಳುವಂತಾಯಿತು. ನೊಯ್ಯಲ್ ನದಿ ಆಯಕಟ್ಟುದಾರರ ಸಂರಕ್ಷಣಾ ಸಂಘ ಮದ್ರಾಸ್ ಹೈಕೋರ್ಟಿಗೆ ಹೋಯಿತು. ಪರಿಹಾರಕ್ಕೆ ಅರ್ಹರೆಂದು ಗುರುತಿಸಿದ ರೈತರ ಸಂಖ್ಯೆಯೇ 28 ಸಾವಿರ ಮೀರಿತ್ತು. 2006ರ ಡಿಸೆಂಬರಿನಲ್ಲಿ ಹೈಕೋರ್ಟು, ಅಣೆಕಟ್ಟಿನ ಶುದ್ಧೀಕರಣದ ಖರ್ಚನ್ನು ಘಟಕಗಳೇ ಕೊಡಬೇಕು, ಒಂದು ಹನಿಯೂ ಹೊರಬಿಡದ ವ್ಯವಸ್ಥೆ ಆಗಬೇಕು ಎಂದಿತು. 2009ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಆದರೂ ಹೊಲಸು ನಿಲ್ಲದಾಗ, 2011ರ ಜನವರಿ 28ರಂದು ಹೈಕೋರ್ಟು ಎಲ್ಲ ಘಟಕಗಳಿಗೂ ಬೀಗ ಹಾಕಿಸಿತು. ಆಮೇಲೆ ಸೋಸುವ, ಆವಿಯಾಗಿಸುವ ಯಂತ್ರಗಳನ್ನು ಹೂಡಿಕೊಂಡವರು ಮಾತ್ರ ಮತ್ತೆ ಬಾಗಿಲು ತೆರೆದರು. ಊರಿನ ಲಕ್ಷಾಂತರ ಕಾರ್ಮಿಕರ ಅನ್ನ ಒಂದು ಕಡೆ, ರೈತರ ಹೊಲ ಇನ್ನೊಂದು ಕಡೆ. ಆ ತೀರ್ಪು ಕಠಿಣವಾಗಿತ್ತು, ಬೇಕೂ ಆಗಿತ್ತು ಎಂಬುದೇ ನನ್ನ ಅಭಿಪ್ರಾಯ.

ಈ ಇಸವಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಅಣೆಕಟ್ಟಿನ ತಳವನ್ನು ನೆನೆಯಿರಿ. ಎಲ್ಲಕ್ಕಿಂತ ಕೆಳಗೆ, 1992ಕ್ಕೆ ಮುಂಚಿನ ನದಿಯ ಮರಳು. ಅದರ ಮೇಲೆ ರಫ್ತಿನ ಭರಾಟೆಯ ವರ್ಷಗಳು. ಅದರ ಮೇಲೆ 2011ರ ಬೀಗ. ವಿಜ್ಞಾನಿಯೊಬ್ಬ ಬೇಕೆಂದೇ ಏರ್ಪಡಿಸಿದರೂ ಇಷ್ಟು ಖಚಿತವಾದ ಪ್ರಯೋಗ ಸಿಗುವುದಿಲ್ಲ. ಇಲ್ಲಿ ಗಮನಿಸಬೇಕಾದ್ದೊಂದಿದೆ. ನ್ಯಾಯಾಲಯದಲ್ಲಿ ಹೆಚ್ಚು ಚರ್ಚೆಯಾದದ್ದು ಉಪ್ಪು. ಉಪ್ಪು ನೀರಿನಲ್ಲಿ ಕರಗಿ ನೀರಿನೊಂದಿಗೆ ಹೋಗುತ್ತದೆ, ಹೂಳಿನಲ್ಲಿ ಅದರ ಗುರುತು ಗಟ್ಟಿಯಾಗಿ ನಿಲ್ಲುವುದಿಲ್ಲ. ನಿಲ್ಲುವುದು ಲೋಹಗಳು. ನವಿಲುನೀಲಿ ಬಣ್ಣಗಳಲ್ಲಿ ಹಲವಕ್ಕೆ ತಾಮ್ರವೇ ತಿರುಳು; ಕೆಲವು ಗಾಢ ಬಣ್ಣಗಳಲ್ಲಿ ಕ್ರೋಮಿಯಂ. ಅವು ಜೇಡಿಯ ಕಣಕ್ಕೆ, ಕೊಳೆತ ಎಲೆಯ ಚೂರಿಗೆ ಅಂಟಿ ತಳಕ್ಕೆ ಇಳಿಯುತ್ತವೆ. ಉಸಿರಾಡಲು ಆಮ್ಲಜನಕವಿಲ್ಲದ ಆ ಕಪ್ಪು ಕೆಸರಿನಲ್ಲಿ ತಾಮ್ರದಂಥ ಲೋಹಗಳು ಗಂಧಕದೊಂದಿಗೆ ಕೂಡಿಕೊಂಡು ಗಟ್ಟಿಯಾಗುತ್ತವೆ. ನೀರು ತಿಳಿಯಾದ ದಿನವೂ ಅವು ಅಲ್ಲೇ.

ಅದೇ ನದಿಯ ಅದೇ ಭಾಗದಲ್ಲಿ, ಉತ್ತರ ದಡದ ಮೇಲೆ, ಕೊಡುಮಣಲ್ ಇದೆ. ಪುರಾತತ್ತ್ವಜ್ಞ ಕೆ. ರಾಜನ್ ಮತ್ತಿತರರು 1980ರ ದಶಕದಿಂದ ಅಗೆದು ತೋರಿಸಿದ ಊರು ಅದು: ಎರಡು ಸಾವಿರ ವರ್ಷಕ್ಕೂ ಹಿಂದೆ ಕಬ್ಬಿಣ, ಉಕ್ಕು ಕಾಯಿಸಿದ ಕುಲುಮೆಗಳು, ಹರಳು ಕೊರೆದ ಕಮ್ಮಟಗಳು, ತಮಿಳು ಬ್ರಾಹ್ಮಿಯಲ್ಲಿ ಹೆಸರು ಗೀಚಿದ ಮಡಕೆ ಚೂರುಗಳು. ಹತ್ತಿರದ ಪಡಿಯೂರಿನ ಬೆರಿಲ್ ಹರಳು ಇಲ್ಲಿ ಹೊಳಪು ಪಡೆದು ದೂರ ದೇಶಕ್ಕೆ ಹೋಗುತ್ತಿತ್ತು. ಎರಡು ಸಾವಿರ ವರ್ಷದ ಅಂತರದಲ್ಲಿ ಒಂದೇ ನದಿಯ ದಡದಲ್ಲಿ ಎರಡು ರಫ್ತು ಪಟ್ಟಣಗಳು. ಮೊದಲನೆಯದರ ಕಸದಿಂದ ನಾವು ಇತಿಹಾಸ ಬರೆಯುತ್ತಿದ್ದೇವೆ.

ನೊಯ್ಯಲ್ ಕೊನೆಗೆ ಕಾವೇರಿಗೆ ಸೇರುತ್ತದೆ. ಇಲ್ಲಿಂದ ಮುಂದೆ ಕನ್ನಡಿಗರಾದ ನಾವು ದೂರ ನಿಂತು ನೋಡುವಂತಿಲ್ಲ. ಬೆಂಗಳೂರಿನ ವೃಷಭಾವತಿ ಅರ್ಕಾವತಿಗೆ, ಅರ್ಕಾವತಿ ಸಂಗಮದಲ್ಲಿ ಕಾವೇರಿಗೆ, ಕಾವೇರಿ 1934ರಲ್ಲಿ ಕಟ್ಟಿದ ಮೆಟ್ಟೂರು ಜಲಾಶಯಕ್ಕೆ. ಎಂಬತ್ತಕ್ಕೂ ಹೆಚ್ಚು ವರ್ಷ ಅದರ ತಳವನ್ನು ಯಾರೂ ಮುಟ್ಟಿರಲಿಲ್ಲ. ಮೊದಲ ಸಲ ಹೂಳೆತ್ತಿದ್ದು 2017ರಲ್ಲಿ. ನಮ್ಮ ಪೀಣ್ಯದ, ನಮ್ಮ ಮೈಸೂರು ರಸ್ತೆಯ ಕೈಗಾರಿಕೆಗಳ ಲೆಕ್ಕ ಎಲ್ಲಾದರೂ ಇದ್ದರೆ ಆ ತಳದಲ್ಲಿ ಇರಬೇಕು. ಅದನ್ನೂ ದಾಟಿದ್ದು ಕೊಳ್ಳಿಡಂ ಅಳಿವೆಗೆ, ಪಿಚಾವರಂ ಕಾಂಡ್ಲಾ ಕಾಡಿಗೆ ಹೋಗುತ್ತದೆ. ಅಳಿವೆಯಲ್ಲಿ ಸಿಹಿನೀರಿಗೆ ಉಪ್ಪುನೀರು ತಾಗಿದ ಕೂಡಲೇ ತೇಲುತ್ತಿದ್ದ ಜೇಡಿಯ ಕಣಗಳು ಒಂದಕ್ಕೊಂದು ಅಂಟಿಕೊಂಡು ಮುಳುಗುತ್ತವೆ, ಲೋಹಗಳನ್ನೂ ಜೊತೆಗೆ ಮುಳುಗಿಸುತ್ತವೆ. ಹಾಗಾಗಿ ಅಳಿವೆಯ ಕೆಸರು ಇಡೀ ನದಿಪಾತ್ರದ ಒಟ್ಟು ಜಮಾಖರ್ಚು. ಎರಡು ರಾಜ್ಯಗಳು ನೀರಿನ ಟಿಎಂಸಿ ಲೆಕ್ಕಕ್ಕೆ ಶತಮಾನದಿಂದ ಬಡಿದಾಡಿವೆ. ಕೆಸರಿನ ಲೆಕ್ಕವನ್ನು ಯಾವ ನ್ಯಾಯಮಂಡಳಿಯ ಮುಂದೆಯಾದರೂ ಯಾರಾದರೂ ಇಟ್ಟದ್ದು ನನಗೆ ಗೊತ್ತಿಲ್ಲ.

ಕೆಸರಿನ ಮಾತಿಗೆ ಬೆಲೆ ಬಂದ ಉದಾಹರಣೆ ಇದೆ. 1980ರ ದಶಕದಲ್ಲಿ ಸ್ಕಾಟ್ಲೆಂಡಿನ ಸರೋವರಗಳು ಆಮ್ಲವಾಗಿ ಮೀನು ಕಳೆದುಕೊಂಡಾಗ, ಕಾರಣ ಕಲ್ಲಿದ್ದಲಿನ ಹೊಗೆಯೋ ನೆಲದ ಗುಣವೋ ಎಂಬ ಜಗಳ ಎದ್ದಿತು. ರೋಜರ್ ಫ್ಲವರ್ ಮತ್ತು ರಿಕ್ ಬ್ಯಾಟರ್‌ಬೀ ತಳದ ಹೂಳಿನಲ್ಲಿ ಡಯಾಟಮ್‌ಗಳನ್ನು ಎಣಿಸಿ, ನೀರು ಕೆಟ್ಟದ್ದು ಕೈಗಾರಿಕೆಯ ಕಾಲದಲ್ಲೇ ಎಂದು 1983ರಲ್ಲಿ ತೋರಿಸಿದರು. ಜಗಳ ನೀತಿಯ ಕಡೆ ತಿರುಗಲು ಆ ಎಣಿಕೆ ದೊಡ್ಡ ಆಸರೆಯಾಯಿತು.

ನಾನು ಚಿಕ್ಕವನಿದ್ದಾಗ ನಮ್ಮ ಊರಿನಲ್ಲಿ ಬೇಸಿಗೆ ಬಂತೆಂದರೆ ಗಾಡಿ ಕಟ್ಟಿ ಕೆರೆಗೋಡು ಹೊಡೆಯುತ್ತಿದ್ದರು. ಆ ಕಪ್ಪು ಗೋಡು ಬಿದ್ದ ಹೊಲದ ರಾಗಿ ಬೇರೆ ಹೊಲದ್ದಕ್ಕಿಂತ ಒಂದು ಗೇಣು ಎತ್ತರ ಇರುತ್ತಿತ್ತು. ಕೊಂಗಿನವರು ಅದನ್ನೇ ವಂಡಲ್ ಮಣ್ ಎನ್ನುತ್ತಾರೆ. 2017ರಲ್ಲಿ ತಮಿಳುನಾಡು ಸರ್ಕಾರ ಕುಡಿಮರಾಮತ್ತು ಎಂಬ ಹಳೆಯ ಪದ್ಧತಿಯ ಹೆಸರಿನಲ್ಲಿ ಕೆರೆ ದುರಸ್ತಿ ಆರಂಭಿಸಿ, ರೈತರಿಗೆ ಈ ಮಣ್ಣನ್ನು ಒಯ್ಯಲು ಬಿಟ್ಟಿತು. ಅದಕ್ಕೂ ಮುಂಚೆ 2013ರ ಬರದಲ್ಲಿ ಉಕ್ಕಡಂ ಪೆರಿಯಕುಳಂ ಒಣಗಿದಾಗ ಕೊಯಮತ್ತೂರಿನ ನಾಗರಿಕರು ತಾವೇ ಇಳಿದು ಹೂಳೆತ್ತಿದರು. ಕರ್ನಾಟಕದಲ್ಲೂ ಊರೂರಲ್ಲಿ ಇದೇ ಕೆಲಸ ನಡೆಯುತ್ತಿದೆ. ಕೆರೆ ಉಳಿಸಲು ಮಾಡುವ ಕೆಲಸ, ಒಳ್ಳೆಯ ಮನಸ್ಸಿನ ಕೆಲಸ. ಅದನ್ನು ಬೇಡ ಎನ್ನುವವನು ನಾನಲ್ಲ.

ಆದರೆ ಗೋಡು ಈಗ ಅಂದಿನ ಗೋಡಲ್ಲ. ಹಳ್ಳಿಯ ಕೆರೆಯ ಹೂಳು ಹೊಲಕ್ಕೆ ಗೊಬ್ಬರ. ಪಟ್ಟಣದ ಚರಂಡಿ, ಕಾರ್ಖಾನೆಯ ನೀರು ಕುಡಿದ ಕೆರೆಯ ಹೂಳು ಹಾಗಲ್ಲ. ತಳದಲ್ಲಿ ಗಂಧಕದೊಂದಿಗೆ ಬಂದಿಯಾಗಿದ್ದ ಲೋಹ, ಅಗೆದು ಬಿಸಿಲಿಗೆ ಹರವಿದಾಗ ಗಾಳಿ ತಾಗಿ ಮತ್ತೆ ಬಿಡುಗಡೆಯಾಗುತ್ತದೆ, ಮಳೆನೀರಿನಲ್ಲಿ ಇಳಿಯುತ್ತದೆ, ಸೊಪ್ಪಿಗೂ ಕಾಳಿಗೂ ಏರುತ್ತದೆ. ಜಪಾನಿನ ಮಿನಮಾಟ ಕೊಲ್ಲಿಯಲ್ಲಿ ಪಾದರಸ ತುಂಬಿದ ಕೆಸರನ್ನು ಎತ್ತಿದಾಗ ಅದನ್ನು ಯಾರ ಹೊಲಕ್ಕೂ ಹಾಕಲಿಲ್ಲ. 1977ರಿಂದ 1990ರವರೆಗೆ, ತಡೆಗೋಡೆ ಕಟ್ಟಿ, ಅದರೊಳಗೆ ಮುಚ್ಚಿ, ಮೇಲೆ ಶುದ್ಧ ಮಣ್ಣು ಹಾಸಿದರು. ನಮ್ಮಲ್ಲಿ ಟ್ರ್ಯಾಕ್ಟರ್ ಬರುತ್ತದೆ, ತುಂಬಿಕೊಂಡು ಹೋಗುತ್ತದೆ. ಹೊಲ ಯಾವುದು, ಬೆಳೆ ಯಾವುದು ಎಂದು ಬರೆದಿಡುವುದು ಕಡಿಮೆ. ಕಡತ ಒರೆಸಿಹೋಯಿತು, ಒರೆಸಿದ ಬಟ್ಟೆಯ ಕರಿ ತಟ್ಟೆಗೆ ಬಂತು.

ಆದ್ದರಿಂದ ಕೆರೆ ಬಳಕೆದಾರರ ಸಂಘಗಳಲ್ಲಿ, ಗ್ರಾಮ ಪಂಚಾಯಿತಿಗಳಲ್ಲಿ, ನಗರಪಾಲಿಕೆಗಳಲ್ಲಿ ಇರುವವರಿಗೆ ಒಂದು ವಿನಂತಿ. ನಿಮ್ಮ ಕೆರೆಗೆ ಜೆಸಿಬಿ ಇಳಿಯುವ ಮುಂಚೆ ಹತ್ತಿರದ ಕಾಲೇಜಿನ ಭೂವಿಜ್ಞಾನ ವಿಭಾಗಕ್ಕೋ ಕೃಷಿ ವಿಶ್ವವಿದ್ಯಾಲಯಕ್ಕೋ ಒಂದು ಮಾತು ಹೇಳಿ. ಕೆರೆಯ ಮೂರು ಕಡೆ ಮೂರು ಪೈಪು ಇಳಿಸಿ ಹೂಳಿನ ಕಂಬ ತೆಗೆಯಲು ಒಂದು ದಿನ ಸಾಕು. ಒಂದನ್ನು ಸೀಸ, ಕ್ರೋಮಿಯಂ, ಕ್ಯಾಡ್ಮಿಯಂ ಪರೀಕ್ಷೆಗೆ ಕಳುಹಿಸಿ, ಫಲಿತಾಂಶ ಬಂದ ಮೇಲೆಯೇ ಮಣ್ಣನ್ನು ಹೊಲಕ್ಕೆ ಬಿಡಿ. ಉಳಿದೆರಡರ ಮೇಲೆ ಕೆರೆಯ ಹೆಸರು, ತಾರೀಖು ಬರೆದು, ಮೇಲಿನ ತುದಿ ಯಾವುದೆಂದು ಗುರುತು ಹಾಕಿ, ತಂಪಾದ ಕೋಣೆಯಲ್ಲಿ ಇರಿಸಿ.